ಪೈಥಾನ್ ಕಲಿತ ಮೇಲೂ ಡೇಟಾ ಸೈನ್ಸ್ ಕೆಲಸ ಸಿಗುತ್ತಿಲ್ಲ, ಇನ್ನೇನು ಕಲಿಯಬೇಕು?

ಬಿಎಸ್ಸಿ ಆಗಿದೆ, ಪೈಥಾನ್ ಕೋರ್ಸ್ ಮುಗಿದಿದೆ, ರೆಸ್ಯೂಮೆಯಲ್ಲಿ ಮೂರು ಪ್ರಾಜೆಕ್ಟ್ ಇವೆ, ಆದರೂ ಮೊದಲ ಸುತ್ತೇ ದಾಟುತ್ತಿಲ್ಲ ಅಂತ ಬರೆದಿದ್ದೀರಿ. ನಾನು ಬೆಂಗಳೂರಿನಲ್ಲಿ ಹತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಈಗ ಫ್ರೆಶರ್‌ಗಳ ಇಂಟರ್‌ವ್ಯೂ ಕೂಡ ಮಾಡುತ್ತೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ನಿಂದ ಡೇಟಾ ತೆಗೆಯುವ ಭಾಷೆ, ಗಟ್ಟಿ ಮಾಡಿಕೊಳ್ಳಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಕೋರ್ಸಿನಲ್ಲಿ ಡೇಟಾ ಒಂದೇ ಫೈಲಿನಲ್ಲಿ ಅಚ್ಚುಕಟ್ಟಾಗಿ ಕೈಗೆ ಬರುತ್ತದೆ. ಕಂಪನಿಯಲ್ಲಿ ಅದು ಹತ್ತಾರು ಟೇಬಲ್‌ಗಳಲ್ಲಿ ಹರಡಿಕೊಂಡಿರುತ್ತದೆ. ಕ್ವೆರಿ ಬರೆದು ನೀವೇ ತೆಗೆಯಬೇಕು.

ನಾನು ಕೇಳುವ ಒಂದು ಪ್ರಶ್ನೆ ನೋಡಿ. ಒಂದು ಟೇಬಲ್‌ನಲ್ಲಿ 500 ಗ್ರಾಹಕರು, ಇನ್ನೊಂದರಲ್ಲಿ ಅವರ ಆರ್ಡರ್‌ಗಳು. ಎಲ್ಲ ಗ್ರಾಹಕರ ಹೆಸರಿನ ಮುಂದೆ ಈ ವರ್ಷ ಎಷ್ಟು ಆರ್ಡರ್ ಮಾಡಿದ್ದಾರೆ ಅಂತ ಬರಬೇಕು. ಒಂದೂ ಮಾಡದವರಿಗೆ ಸೊನ್ನೆ. ಬಹಳ ಜನ ಲೆಫ್ಟ್ ಜಾಯಿನ್ (ಆರ್ಡರ್ ಇರಲಿ ಬಿಡಲಿ, ಎಲ್ಲ ಗ್ರಾಹಕರನ್ನೂ ಉಳಿಸಿಕೊಂಡು ಎರಡು ಟೇಬಲ್ ಜೋಡಿಸುವುದು) ಅಂತ ಸರಿಯಾಗೇ ಶುರು ಮಾಡುತ್ತಾರೆ. ಆಮೇಲೆ ಕೆಳಗೆ ವೇರ್‌ನಲ್ಲಿ, ಅಂದರೆ ಜೋಡಿಸಿದ ಸಾಲುಗಳನ್ನು ಸೋಸುವ ಭಾಗದಲ್ಲಿ, ಆರ್ಡರ್ ದಿನಾಂಕದ ಷರತ್ತು ಹಾಕುತ್ತಾರೆ. ಅಲ್ಲಿಗೆ ಸೊನ್ನೆಯವರೆಲ್ಲ ಮಾಯ. ಆರ್ಡರ್ ಇಲ್ಲದವರ ಸಾಲಿನಲ್ಲಿ ದಿನಾಂಕದ ಜಾಗ ನಲ್ (ಖಾಲಿ) ಆಗಿರುತ್ತದೆ, ಅದನ್ನು ಯಾವ ದಿನಾಂಕಕ್ಕೆ ಹೋಲಿಸಿದರೂ ಆ ಸಾಲು ಉಳಿಯುವುದಿಲ್ಲ. ಷರತ್ತು ಜಾಯಿನ್‌ನ ಆನ್ ಭಾಗದಲ್ಲೇ, ಅಂದರೆ ಟೇಬಲ್‌ಗಳನ್ನು ಹೇಗೆ ಜೋಡಿಸಬೇಕು ಅಂತ ಹೇಳುವಲ್ಲೇ, ಇರಬೇಕಿತ್ತು. ಹಾಗೆಯೇ ಸಾಲುಗಳನ್ನೇ ಎಣಿಸುವ ಕೌಂಟ್ ಸ್ಟಾರ್ ಅಂತ ಬರೆದರೆ ಸೊನ್ನೆ ಬರಬೇಕಾದಲ್ಲಿ ಒಂದು ಬರುತ್ತದೆ. ಆರ್ಡರ್ ಐಡಿಯನ್ನು ಎಣಿಸಬೇಕು.

ಇದು ತಪ್ಪಾಯಿತು ಅಂತ ನಾನು ಯಾರನ್ನೂ ಕೈಬಿಡುವುದಿಲ್ಲ. 'ಉತ್ತರದಲ್ಲಿ ಎಷ್ಟು ಸಾಲು ಇರಬೇಕು?' ಅಂತ ಕೇಳುತ್ತೇನೆ. ಗ್ರಾಹಕರು 500 ಅಂದರೆ ಸಾಲೂ 500 ಇರಬೇಕು ಅಲ್ವಾ? ಅಷ್ಟು ಕೇಳಿದ ಮೇಲೆ ತಮ್ಮ ತಪ್ಪನ್ನು ತಾವೇ ಹಿಡಿಯುವವರನ್ನು ಮುಂದಿನ ಸುತ್ತಿಗೆ ಕಳಿಸುತ್ತೇನೆ.

ಈ ಪ್ರಶ್ನೆಯ ಹಿಂದೆ ನನ್ನದೇ ಒಂದು ನೋವಿದೆ. ಮೊದಲ ಕೆಲಸದಲ್ಲಿ ಮಾರಾಟದ ಒಟ್ಟು ಮೊತ್ತದ ರಿಪೋರ್ಟ್ ಕೊಟ್ಟಿದ್ದೆ. ಕೆಲವು ಆರ್ಡರ್‌ಗಳ ಹಣ ಎರಡು ಕಂತಿನಲ್ಲಿ ಬಂದಿತ್ತು. ಪೇಮೆಂಟ್ ಟೇಬಲ್ ಜೋಡಿಸಿದಾಗ ಅಂಥ ಆರ್ಡರ್‌ಗಳೆಲ್ಲ ಎರಡೆರಡು ಸಾಲಾದವು, ಮೊತ್ತವೂ ಎರಡೆರಡು ಸಲ ಸೇರಿತು. ಕ್ವೆರಿ ಎಲ್ಲೂ ಎರರ್ ಕೊಡಲಿಲ್ಲ. ಲೆಕ್ಕಪತ್ರದವರು ತಮ್ಮ ಪುಸ್ತಕದ ಜೊತೆ ತಾಳೆ ನೋಡಿದಾಗಲೇ ಗೊತ್ತಾಗಿದ್ದು. ಆವತ್ತಿನಿಂದ ಜಾಯಿನ್‌ಗೆ ಮೊದಲೂ ಆಮೇಲೂ ಸಾಲು ಎಣಿಸದೆ ನಾನು ಮುಂದೆ ಹೋಗಿಲ್ಲ.

ಪೈಥಾನ್‌ನಲ್ಲಿ ಟೇಬಲ್ ರೂಪದ ಡೇಟಾ ನಿಭಾಯಿಸುವ ಪ್ಯಾಂಡಾಸ್ ಲೈಬ್ರರಿ ಚೆನ್ನಾಗಿ ಬರಲಿ. ಗ್ರೂಪ್‌ಬೈ (ಗುಂಪು ಮಾಡಿ ಲೆಕ್ಕ ಹಾಕುವುದು), ಮರ್ಜ್ (ಟೇಬಲ್ ಜೋಡಿಸುವುದು), ದಿನಾಂಕಗಳ ಲೆಕ್ಕ ತಡವರಿಸದೆ ಬಂದರೆ ಸಾಕು. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸಿ. ಡೀಪ್ ಲರ್ನಿಂಗ್ ಆಮೇಲೆ ಕಲಿತರೆ ಆಯಿತು.

ಇನ್ನು ವಿಶ್ಲೇಷಣೆ ಅಂತಾರಲ್ಲ, ಅದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಕೊಡುತ್ತೇನೆ. ನಿಮಗೆ ಹತ್ತು ವರ್ಷದ ಜಿಲ್ಲಾವಾರು ಮಾರಾಟದ ಡೇಟಾ ಕೊಟ್ಟರು ಅಂದುಕೊಳ್ಳಿ. ಬಳ್ಳಾರಿಯ ಅಂಕಿ 2021ರ ನಂತರ ದಿಢೀರ್ ಇಳಿದಿದೆ. ಅಲ್ಲಿ ವ್ಯಾಪಾರ ಬಿದ್ದಿದೆ ಅಂತ ಬರೆದುಬಿಡುವುದು ಸುಲಭ. ಆದರೆ ಆ ವರ್ಷ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹರಪನಹಳ್ಳಿ ಎಲ್ಲ ಆ ಕಡೆ ಹೋದವು. ಹೆಸರುಗಳದ್ದು ಇನ್ನೊಂದು ಗೋಜು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹಳೆಯ ಸಾಲುಗಳಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಸುಮ್ನೆ ಎಲ್ಲ ಬಿಜಾಪುರವನ್ನೂ ಬದಲಿಸಿದರೆ ಛತ್ತೀಸ್‌ಗಢದ ಬಿಜಾಪುರವೂ ಜೊತೆಗೆ ಬರಬಹುದು. ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಅಂಕಿ ಇಳಿದಾಗ 'ಅಳೆಯುವ ರೀತಿಯೇ ಬದಲಾಯಿತೇ?' ಅಂತ ಮೊದಲು ಕೇಳುವವರನ್ನು ಎಲ್ಲ ಕಂಪನಿಗಳೂ ಹುಡುಕುತ್ತಿರುತ್ತವೆ.

ರೆಸ್ಯೂಮೆಯಲ್ಲಿ '99% ಆಕ್ಯುರಸಿ' ಅಂತ ಬರೆದಿದ್ದರೆ ಒಮ್ಮೆ ಯೋಚಿಸಿ. ಎಲ್ಲರೂ ಪ್ರಾಜೆಕ್ಟ್‌ಗೆ ತೆಗೆದುಕೊಳ್ಳುವ ಕ್ರೆಡಿಟ್ ಕಾರ್ಡ್ ಡೇಟಾದಲ್ಲಿ 2,84,807 ವಹಿವಾಟುಗಳಿವೆ. ಮೋಸದವು 492 ಮಾತ್ರ. ಏನೂ ಕಲಿಯದೆ, 'ಯಾವುದೂ ಮೋಸವಲ್ಲ' ಅಂತ ಹೇಳುವ ಮಾಡೆಲ್‌ಗೂ 99.8% ಬರುತ್ತದೆ! ಹಿಡಿಯಬೇಕಾದ 492ರಲ್ಲಿ ಎಷ್ಟು ಹಿಡಿದಿರಿ, ಹಿಡಿಯುವ ಭರದಲ್ಲಿ ಎಷ್ಟು ಒಳ್ಳೆಯ ಗ್ರಾಹಕರ ಕಾರ್ಡ್ ತಡೆದಿರಿ, ಅದನ್ನು ಬರೆಯಿರಿ. ರೀಕಾಲ್, ಪ್ರಿಸಿಷನ್ ಅನ್ನುವುದು ಇದಕ್ಕೇ. ಸೂತ್ರ ಒಪ್ಪಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಮ್ಯಾನೇಜರ್‌ಗೆ ಹೀಗೆ ಬಿಡಿಸಿ ಹೇಳುವವರು ಕಡಿಮೆ.

ಆ ಮೂರು ಪ್ರಾಜೆಕ್ಟ್‌ಗಳಲ್ಲಿ ಟೈಟಾನಿಕ್ (ಆ ಹಡಗಿನಲ್ಲಿ ಯಾರು ಬದುಕುಳಿದರು ಅಂತ ಊಹಿಸುವ ಪ್ರಾಜೆಕ್ಟ್) ಇದ್ದರೆ ತೆಗೆದುಬಿಡಿ. ಅದನ್ನು ನಾವು ದಿನಾ ನೋಡುತ್ತೇವೆ. ಬದಲಿಗೆ ಕೃಷಿ ಮಾರುಕಟ್ಟೆ ದರಗಳ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನಿಂದ ನಿಮ್ಮೂರಿನ ಎಪಿಎಂಸಿಯ ಈರುಳ್ಳಿಯದ್ದೋ ಮೆಣಸಿನಕಾಯಿಯದ್ದೋ ದರ ತೆಗೆದುಕೊಳ್ಳಿ. ಮಾರುಕಟ್ಟೆಗೆ ಸರಕು ಬಾರದ ದಿನ ಏನು ಮಾಡಿದಿರಿ, ಬೇರೆ ಬೇರೆ ತಳಿಯ ದರ ಬೆರೆತಿದೆಯೇ ಅಂತ ಹೇಗೆ ನೋಡಿದಿರಿ, ಯಾವ ಸಾಲನ್ನು ಯಾಕೆ ಬಿಟ್ಟಿರಿ, ಎಲ್ಲ ಬರೆದಿಡಿ. ಅದೊಂದರ ಬಗ್ಗೆ ಅರ್ಧ ಗಂಟೆ ಮಾತಾಡಲು ನನಗಂತೂ ಖುಷಿ.

ಎಸ್‌ಕ್ಯೂಎಲ್ ಅಭ್ಯಾಸ ಮಾಡುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕ್ವೆರಿಯನ್ನು ಇಲ್ಲೇ ಕೆಳಗೆ ಹಾಕಿ, ಖಂಡಿತ ನೋಡುತ್ತೇನೆ.