ಡಬ್ಲಿನ್‌ನ ಊಟದ ಟೇಬಲ್‌ನ ಜಗಳ ನಿನ್ನದೂ ಹೌದು, ತಮ್ಮಾ

ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಐರ್ಲೆಂಡಿನ ಡಬ್ಲಿನ್‌ಗೆ ಬಂದು ಇನ್ನೂ ಆರು ತಿಂಗಳಾಗಿಲ್ಲ. ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಸಾಕು, ಚುನಾವಣೆ, ಗರ್ಭಪಾತ, ಆ್ಯಪಲ್ ಕಂಪನಿಯ ತೆರಿಗೆ ಅಂತ ಜೊತೆಯವರು ವಾದಕ್ಕೆ ಇಳಿಯುತ್ತಾರೆ. ಎಲ್ಲರೂ ಎಡಪಂಥದವರೇ, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಆಗುವುದಿಲ್ಲ. "ಅಕ್ಕಾ, ನಾವು ಹೊರಗಿನವರು, ಸುಮ್ನೆ ಇದ್ದುಬಿಡೋದು ಒಳ್ಳೇದಲ್ವಾ? ಬಾಯಿ ಬಿಟ್ಟರೆ ವೀಸಾಕ್ಕೆ ತೊಂದರೆ ಆಗುತ್ತಾ?" ಅಂತ ಕೇಳಿದ್ದೀಯ.

ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಊಟದ ಟೇಬಲ್‌ನಲ್ಲಿ ಅಭಿಪ್ರಾಯ ಹೇಳಿದ್ದಕ್ಕೆ ಯಾರೂ ನಿನ್ನ ಪರ್ಮಿಟ್ ಕಿತ್ತುಕೊಳ್ಳುವುದಿಲ್ಲ. ಅಷ್ಟೇ ಅಲ್ಲ, ನಿನಗೆ ಇಲ್ಲಿ ಓಟೂ ಇದೆ. ಐರ್ಲೆಂಡ್‌ನಲ್ಲಿ ವಾಸವಾಗಿರುವ 18 ದಾಟಿದ ಯಾರೇ ಆಗಲಿ, ಯಾವ ದೇಶದ ಪಾಸ್‌ಪೋರ್ಟ್ ಇದ್ದರೂ ಸರಿ, ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು. ಪಾರ್ಲಿಮೆಂಟಿಗೆ, ಅಂದರೆ ಡಾಯ್ಲ್‌ಗೆ ಹಾಕುವಂತಿಲ್ಲ. ಜನಮತಸಂಗ್ರಹಕ್ಕೂ ಇಲ್ಲ. ಅದಕ್ಕೆ ಇಲ್ಲಿನ ಪೌರತ್ವ ಬೇಕು, ಅದು ಬೇಕೆಂದರೆ ಭಾರತದ್ದನ್ನು ಬಿಡಬೇಕು. ಬಿಡುವುದು ಸುಲಭವಲ್ಲ, ನಾನು ಬಿಟ್ಟವಳು. ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡ.

ಇನ್ನು ಇದು ನಮಗೆ ಸಂಬಂಧಪಟ್ಟದ್ದೋ ಅಲ್ಲವೋ ಅನ್ನುವ ಮಾತು. ನಾನು ಹುಬ್ಬಳ್ಳಿಯವಳು. ಬೆಳಗಾವಿ ನಮಗೆ ಎರಡು ತಾಸಿನ ದಾರಿ. 2012ರ ನವೆಂಬರ್‌ನಲ್ಲಿ ಇಲ್ಲಿನ ಪತ್ರಿಕೆಗಳ ಮುಖಪುಟದಲ್ಲಿ ಬೆಳಗಾವಿಯ ಹೆಣ್ಣುಮಗಳ ಫೋಟೋ ಬಂತು. ಸವಿತಾ ಹಾಲಪ್ಪನವರ್, ದಂತವೈದ್ಯೆ, ವಯಸ್ಸು 31. ಹದಿನೇಳು ವಾರದ ಬಸುರಿ ಇದ್ದಾಗ ಬೆನ್ನು ನೋವು ಅಂತ ಅಕ್ಟೋಬರ್ 21ರಂದು ಐರ್ಲೆಂಡಿನದೇ ಗಾಲ್ವೆ ನಗರದ ಆಸ್ಪತ್ರೆಗೆ ಹೋದರು. ಮಗು ಉಳಿಯುವುದಿಲ್ಲ ಅಂತ ವೈದ್ಯರಿಗೂ ಗೊತ್ತಾಗಿತ್ತು. ಹಾಗಾದರೆ ತೆಗೆದುಬಿಡಿ ಅಂತ ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅಂತ ಹೇಳಿದ್ದನ್ನು ಒಬ್ಬ ಸೂಲಗಿತ್ತಿ ನರ್ಸ್ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಂಜು ಮೈಯೆಲ್ಲ ಏರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಅವರು ಹುಟ್ಟಿ ಬೆಳೆದ ದೇಶದಲ್ಲಿ 1971ರಿಂದಲೇ ಗರ್ಭಪಾತಕ್ಕೆ ಕಾನೂನಿನ ದಾರಿ ಇತ್ತು. ಇಲ್ಲಿ 1983ರಲ್ಲಿ ಜನರೇ ಮತ ಹಾಕಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದಿದ್ದರು. ತಾಯಿಯ ಜೀವಕ್ಕೂ ಹೊಟ್ಟೆಯಲ್ಲಿರುವ ಭ್ರೂಣದ ಜೀವಕ್ಕೂ ಸಮಾನ ಹಕ್ಕು ಅಂತ ಅದು ಹೇಳುತ್ತಿತ್ತು. ಓದುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ತಾಯಿ ಎಷ್ಟು ಸಾವಿಗೆ ಹತ್ತಿರವಾದರೆ ಕೈ ಹಾಕಬಹುದು ಅಂತ ವೈದ್ಯರು ಲೆಕ್ಕ ಹಾಕುತ್ತಾ ಕೂರಬೇಕಾಯಿತು. ಆ ಲೆಕ್ಕದಲ್ಲಿ ನಮ್ಮ ಹುಡುಗಿ ಹೋದಳು. ಇದು ಅವರ ದೇಶದ ಜಗಳ, ನಮಗ್ಯಾಕೆ ಅಂತ ಸವಿತಾಗೂ ಅನ್ನಿಸಿರಬಹುದು, ಆಸ್ಪತ್ರೆಯ ಮಂಚ ಹತ್ತುವವರೆಗೆ.

ಆಮೇಲೆ ನಡೆದದ್ದನ್ನು ನೀನು ತಿಳಿದುಕೊಳ್ಳಬೇಕು. ಈಗ ನಿನ್ನ ಟೇಬಲ್‌ನಲ್ಲಿ ನಡೆಯುವ ವಾದದ ಬೇರು ಅಲ್ಲಿದೆ. ಸಾವಿರಾರು ಜನ ಡಬ್ಲಿನ್ ಬೀದಿಗಿಳಿದರು. 2013ರಲ್ಲಿ ಅರೆಬರೆ ಕಾನೂನೊಂದು ಬಂತು, ಸಾಲಲಿಲ್ಲ. ಆಮೇಲೆ ಸರ್ಕಾರ ನಾಗರಿಕರ ಸಭೆ ಕರೆಯಿತು. ಚೀಟಿ ಎತ್ತಿದ ಹಾಗೆ ಆರಿಸಿದ 99 ಜನಸಾಮಾನ್ಯರು, ಅಧ್ಯಕ್ಷತೆಗೆ ಒಬ್ಬ ನ್ಯಾಯಮೂರ್ತಿ. ವಾರಾಂತ್ಯಗಳಲ್ಲಿ ಕೂತು ವೈದ್ಯರ ಮಾತು, ವಕೀಲರ ಮಾತು, ಎರಡೂ ಪಕ್ಷದವರ ಮಾತು ಕೇಳಿದರು. ಕಾನೂನು ಬದಲಿಸಿ ಅಂದರು. ಎಂಟನೇ ತಿದ್ದುಪಡಿ ತೆಗೆಯಬೇಕೇ ಅಂತ 2018ರ ಮೇ 25ರಂದು ಮತದಾನ. ಲಂಡನ್, ಕೆನಡಾ, ಆಸ್ಟ್ರೇಲಿಯಾದಿಂದ ಐರಿಷ್ ಹುಡುಗ ಹುಡುಗಿಯರು ಮತ ಹಾಕಲೆಂದೇ ವಿಮಾನ ಹತ್ತಿ ಬಂದರು. ಸವಿತಾ ತಂದೆ ಅಂದಾನಪ್ಪ ಯಾಳಗಿ ಬೆಳಗಾವಿಯಿಂದಲೇ ಐರ್ಲೆಂಡಿನ ಜನಕ್ಕೆ ಮನವಿ ಮಾಡಿದರು. ಹೌದು ಅಂದವರು 66.4%. ಅಷ್ಟರಲ್ಲಿ ನನಗೆ ಪೌರತ್ವ ಸಿಕ್ಕಿತ್ತು. ನಾನೂ ಹೌದು ಅಂತ ಹಾಕಿದೆ.

ಡಬ್ಲಿನ್‌ನ ಪೋರ್ಟೊಬೆಲ್ಲೊದಲ್ಲಿ ಒಂದು ಗೋಡೆಯ ಮೇಲೆ ಸವಿತಾ ಮುಖ ಬರೆದಿದ್ದರು. ಫಲಿತಾಂಶದ ದಿನ ಜನ ಅಲ್ಲಿ ಬಣ್ಣಬಣ್ಣದ ಸಣ್ಣ ಚೀಟಿ ಅಂಟಿಸುತ್ತಿದ್ದರು. ಸಾರಿ ಸವಿತಾ, ನಾವು ತಡ ಮಾಡಿದೆವು ಅಂತ ತುಂಬಾ ಜನ ಬರೆದಿದ್ದರು. ಒಂದರ ಮೇಲೊಂದು ಅಂಟಿಸಿ ಅಂಟಿಸಿ ಗೋಡೆಯೇ ಕಾಣುತ್ತಿರಲಿಲ್ಲ. ಆದರೆ ಒಂದು ಮಾತು ಹೇಳಬೇಕು. ವಲಸೆ ಬಂದ ಹೆಂಗಸರದ್ದೇ ಒಂದು ಗುಂಪು ಇತ್ತು, ಮರ್ಜ್ ಅಂತ. ಸವಿತಾ ಫೋಟೋ ಎಲ್ಲ ಕಡೆ ಇದೆ, ವಲಸೆ ಬಂದವರ ದನಿ ಮಾತ್ರ ಎಲ್ಲೂ ಇಲ್ಲ ಅಂತ ಅವರು ಕೇಳಿದರು. ಆ ಪ್ರಶ್ನೆ ನನಗೆ ನಾಟಿತು. ನಮ್ಮವಳ ಮುಖ ಬೇಕು, ನಮ್ಮ ಮಾತು ಬೇಡ ಅಂದರೆ ಹೇಗೆ? ಅದಕ್ಕೇ ನಿನಗೆ ಸುಮ್ನೆ ಇರು ಅಂತ ಹೇಳಲು ನನಗೆ ಮನಸ್ಸಿಲ್ಲ.

ಈಗಿನ ವಾದಕ್ಕೆ ಬರುತ್ತೇನೆ. 2019ರ ಜನವರಿಯಿಂದ ಹೊಸ ಕಾನೂನು ಜಾರಿಯಲ್ಲಿದೆ. ಹನ್ನೆರಡು ವಾರದವರೆಗೆ ಹೆಂಗಸು ಕಾರಣ ಹೇಳಬೇಕಿಲ್ಲ. ಇಲ್ಲಿ ವಾಸವಿರುವವರಿಗೆ ಖರ್ಚೂ ಇಲ್ಲ. ಅದಾದ ಮೇಲೆ ತಾಯಿಯ ಜೀವಕ್ಕೆ ಅಥವಾ ಆರೋಗ್ಯಕ್ಕೆ ದೊಡ್ಡ ಅಪಾಯ ಇದ್ದರೆ, ಇಲ್ಲವೇ ಮಗು ಬದುಕುಳಿಯುವುದಿಲ್ಲ ಅಂತ ಖಚಿತವಾದರೆ ಮಾತ್ರ. ಆದರೆ ಹನ್ನೆರಡು ವಾರದೊಳಗೂ ಒಂದು ಷರತ್ತಿದೆ. ವೈದ್ಯರನ್ನು ನೋಡಿ ಮೂರು ದಿನ ಕಾದು ಮತ್ತೆ ಹೋಗಬೇಕು. ಎಡಪಂಥದವರು ಕಿತ್ತಾಡುವುದು ಇಲ್ಲೇ. ಮೂರು ದಿನ ತೆಗೆಯಿರಿ, ತಪ್ಪು ಮಾಡಿದ ವೈದ್ಯರಿಗೆ ಜೈಲು ಅನ್ನುವ ಕಲಮೂ ತೆಗೆಯಿರಿ ಅಂತ ಒಂದು ಕಡೆ. ಜನ ಒಪ್ಪಿ ಮತ ಹಾಕಿದ್ದೇ ಈ ಷರತ್ತುಗಳ ಮೇಲೆ, ಈಗ ಕೆದಕಿದರೆ ವಿರೋಧಿಗಳಿಗೆ ಬಾಗಿಲು ತೆರೆದ ಹಾಗೆ ಅಂತ ಇನ್ನೊಂದು ಕಡೆ. ಸರ್ಕಾರವೇ ಮಾಡಿಸಿದ ಪರಿಶೀಲನೆ 2023ರಲ್ಲಿ ಮೊದಲನೆಯವರ ಕಡೆಗೇ ವಾಲಿತು.

ನಾನು ಮೊದಲನೆಯವರ ಜೊತೆ. ಆಫೀಸಿನಲ್ಲಿ ಕೂತು ದುಡಿಯುವ ನಮಗೆ ಮೂರು ದಿನ ಏನೂ ಅಲ್ಲ. ಹಳ್ಳಿಯಲ್ಲಿ ಇದ್ದು, ಬಸ್ ಹಿಡಿದು ಹೋಗಿ, ಗಂಟೆ ಲೆಕ್ಕದ ಕೂಲಿ ಎರಡೆರಡು ಸಲ ಬಿಟ್ಟು ಬರಬೇಕಾದವಳನ್ನು ನೆನೆಸಿಕೋ. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಕೈಗೆ ಸಿಗಬೇಕು. ನನ್ನ ರಾಜಕೀಯ ಇಷ್ಟೇ. ಮನೆ, ಬಾಡಿಗೆ ವಿಷಯಕ್ಕೂ ಇದೇ ಮಾತು.

"ನಮ್ಮ ಕಡೆ ಗರ್ಭಪಾತ ಅಂದರೆ ಹೆಣ್ಣು ಭ್ರೂಣ ಹತ್ಯೆ, ನಾನು ಹೇಗೆ ಒಪ್ಪಲಿ" ಅಂತಲೂ ಬರೆದಿದ್ದೀಯ. ಕೇಳಬೇಕಾದ ಪ್ರಶ್ನೆಯೇ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೆಣ್ಣೋ ಗಂಡೋ ನೋಡುತ್ತಿದ್ದ ಜಾಲ ಸಿಕ್ಕಿತಲ್ಲ, ಅದನ್ನು ಓದಿ ನನಗೂ ಹೊಟ್ಟೆ ತೊಳಸಿತು. ಆದರೆ ಅಲ್ಲಿ ಎಷ್ಟು ಹೆಂಗಸರು ತಾವಾಗಿ ತೀರ್ಮಾನ ಮಾಡಿರುತ್ತಾರೆ? ಅತ್ತೆ, ಗಂಡ, ಮನೆತನ ಸೇರಿ ಮಾಡಿಸುವುದು ಅದು. ಗಾಲ್ವೆಯಲ್ಲಿ ಬೇಕು ಅಂದವಳಿಗೆ ಕೊಡಲಿಲ್ಲ, ಆಲೆಮನೆಯಲ್ಲಿ ಬೇಡ ಅನ್ನಲು ಬಿಡಲಿಲ್ಲ. ಎರಡೂ ಕಡೆ ಅವಳ ಮಾತಿಗೆ ಬೆಲೆ ಇರಲಿಲ್ಲ. ನಿನ್ನ ಟೇಬಲ್‌ನಲ್ಲಿ ಇದನ್ನು ಹೇಳಿ ನೋಡು, ಕಿವಿಗೊಟ್ಟು ಕೇಳುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿ ನಿನಗೆ ಗೊತ್ತಿದೆ.

ಇನ್ನು ದುಡ್ಡಿನ ವಿಷಯ. ನನ್ನ ಕೆಲಸ ಪೇರೋಲ್. ನಿನ್ನ ಸಂಬಳದ ಚೀಟಿ ತೆಗೆದು ನೋಡು, ಕಡಿತ ಮೂರು ಸಾಲಿನಲ್ಲಿ ಇರುತ್ತದೆ. ಆದಾಯ ತೆರಿಗೆ, ಯುಎಸ್‌ಸಿ ಅನ್ನುವ ಹೆಚ್ಚುವರಿ ತೆರಿಗೆ, ಪಿಆರ್‌ಎಸ್‌ಐ ಅನ್ನುವ ಸಾಮಾಜಿಕ ವಿಮೆಯ ವಂತಿಗೆ. ಒಂಟಿಯಾಗಿದ್ದರೆ 44,000 ಯೂರೊವರೆಗೆ 20%, ಅದರ ಮೇಲಿನದ್ದಕ್ಕೆ 40%. ನಡುವಿನ ಯುಎಸ್‌ಸಿ 2011ರಲ್ಲಿ ಬಂದದ್ದು. ಬ್ಯಾಂಕುಗಳು ಮುಳುಗಿ, ದೇಶ ಹೊರಗಿನ 6,750 ಕೋಟಿ ಯೂರೊ ನೆರವಿಗೆ ಕೈ ಚಾಚಿದ ಮೇಲೆ ಜನರ ಸಂಬಳಕ್ಕೆ ಬಿದ್ದ ಹೊರೆ. ಈಗಲೂ ಹೋಗಿಲ್ಲ. ಕಂಪನಿಗಳಿಗೆ ಮಾತ್ರ 12.5%. ದೊಡ್ಡ ಕಂಪನಿಗಳಿಗೆ 2024ರಿಂದ 15%.

ಆ್ಯಪಲ್ ಕಥೆ ಇದೇ ಸಿಟ್ಟಿನದು. ಆ ಕಂಪನಿಯಿಂದ 1,300 ಕೋಟಿ ಯೂರೊ ತೆರಿಗೆ ವಸೂಲು ಮಾಡಿ ಅಂತ 2016ರಲ್ಲಿ ಯುರೋಪ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಐರ್ಲೆಂಡಿಗೆ ಹೇಳಿತು. ನಮಗೆ ಆ ದುಡ್ಡು ಬೇಡ ಅಂತ ಐರ್ಲೆಂಡ್ ಸರ್ಕಾರವೇ ಕೋರ್ಟಿಗೆ ಹೋಯಿತು! 2024ರ ಸೆಪ್ಟೆಂಬರ್‌ನಲ್ಲಿ ಯುರೋಪ್ ಒಕ್ಕೂಟದ ಕೋರ್ಟು ವಸೂಲು ಮಾಡಲೇಬೇಕು ಅಂತು. ಮನೆ ಸಿಗದೆ ಮೂವತ್ತು ದಾಟಿದ ಮಕ್ಕಳೂ ಅಪ್ಪ ಅಮ್ಮನ ಮನೆಯಲ್ಲೇ ಇರುವ ದೇಶ ಇದು. ಆ ದುಡ್ಡಿನಲ್ಲಿ ಸರ್ಕಾರವೇ ಮನೆ ಕಟ್ಟಲಿ ಅಂತ ಎಡಪಕ್ಷಗಳು ಕೇಳುವುದು ಸರಿಯಾಗಿಯೇ ಇದೆ. ಕಂಪನಿಗಳು ಓಡಿಹೋದರೆ ಅನ್ನುವ ಹೆದರಿಕೆಯನ್ನೂ ನಾನು ತಳ್ಳಿಹಾಕುವುದಿಲ್ಲ. ನಿನ್ನ ಸಂಬಳ, ನನ್ನ ಸಂಬಳ ಅಂಥ ಕಂಪನಿಗಳಿಂದಲೇ ಬರುವುದು. ಆದರೆ ಅವು ಇಲ್ಲಿರುವುದು ಬರೀ ತೆರಿಗೆಗೆ ಅಲ್ಲ, ಇಂಗ್ಲಿಷ್ ಇದೆ, ಯುರೋಪಿನ ಮಾರುಕಟ್ಟೆ ಇದೆ, ಓದಿದ ಜನ ಇದ್ದಾರೆ. ಕೆಲಸಕ್ಕೆ ಬಂದವರಿಗೆ ಇರಲು ಮನೆಯೇ ಸಿಗದಿದ್ದರೆ ಕಂಪನಿಗಳು ಆಗಲೂ ಹೋಗುತ್ತವೆ.

ಬಾಡಿಗೆ ಬಗ್ಗೆ ಇಷ್ಟು ಗೊತ್ತಿರಲಿ. 2025ರ ಜೂನ್‌ನಿಂದ ಬಾಡಿಗೆ ಮಿತಿ ಇಡೀ ದೇಶಕ್ಕೆ ಅನ್ವಯ. ನೀನು ಈಗ ಇರುವಂಥ ಹಳೆಯ ಮನೆಗೆ ಸಾಮಾನ್ಯವಾಗಿ ವರ್ಷಕ್ಕೆ 2%ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಯಾರಾದರೂ ಏರಿಸಿದರೆ ಬಾಡಿಗೆ ಮಂಡಳಿಗೆ ದೂರು ಕೊಡು, ನಾವು ಹೊರಗಿನವರು ಅಂತ ನುಂಗಿಕೊಳ್ಳಬೇಡ. ತೆರಿಗೆಯಲ್ಲಿ ವರ್ಷಕ್ಕೆ 1,000 ಯೂರೊವರೆಗೆ ಬಾಡಿಗೆ ರಿಯಾಯಿತಿ ಇದೆ, ಅದನ್ನು ನೀನೇ ಕೇಳಿ ಪಡೆಯಬೇಕು. ನಮ್ಮವರಲ್ಲಿ ಎಷ್ಟೋ ಜನ ಕೇಳುವುದೇ ಇಲ್ಲ.

ಚುನಾವಣೆ ಲೆಕ್ಕ ನಿನಗೆ ಗೋಜಲಾಗಿ ಕಂಡಿದೆ. ನಮ್ಮಲ್ಲಿ ಒಂದು ಬಟನ್ ಒತ್ತಿ ಬರುತ್ತೇವೆ. ಇಲ್ಲಿ ಕಾಗದ, ಪೆನ್ಸಿಲ್. ಡಾಯ್ಲ್ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಸೀಟು. ಇಷ್ಟದವರಿಗೆ 1, ಆಮೇಲೆ 2, 3 ಅಂತ ನಂಬರ್ ಕೊಡುತ್ತಾ ಹೋಗಬೇಕು. ನಿನ್ನ ಮೊದಲನೆಯವರು ಸೋತು ಹೊರಬಿದ್ದರೆ ನಿನ್ನ ಓಟು ಎರಡನೆಯವರಿಗೆ ಹೋಗುತ್ತದೆ. ಎಣಿಕೆ ಕೈಯಲ್ಲೇ, ದಿನಗಟ್ಟಲೆ. ಒಮ್ಮೆ ಹೋಗಿ ನೋಡು. ಬೇಲಿಯ ಆಚೆ ಸಿಬ್ಬಂದಿ ಒಂದೊಂದೇ ಕಾಗದ ಬಿಡಿಸುತ್ತಿದ್ದರೆ, ಈಚೆ ಪಕ್ಷದವರು ಕುತ್ತಿಗೆ ಚಾಚಿ ತಮ್ಮ ಹಾಳೆಯಲ್ಲಿ ಗೀಟು ಹಾಕುತ್ತಾ ನಿಂತಿರುತ್ತಾರೆ. ಅಧಿಕೃತ ಫಲಿತಾಂಶಕ್ಕೆ ಮುಂಚೆಯೇ ಅವರಿಗೆ ಗೆದ್ದವರು ಯಾರು ಅಂತ ಗೊತ್ತಾಗಿಬಿಡುತ್ತದೆ.

ಎಡಪಕ್ಷಗಳ ಕಿತ್ತಾಟವೂ ಈ ಎರಡನೇ ನಂಬರ್ ಯಾರಿಗೆ ಕೊಡಬೇಕು ಅನ್ನುವುದೇ. 2024ರ ನವೆಂಬರ್‌ನಲ್ಲಿ ಡಾಯ್ಲ್‌ನ 174 ಸೀಟಿನಲ್ಲಿ ಶಿನ್ ಫೇನ್‌ಗೆ 39, ಲೇಬರ್‌ಗೆ 11, ಸೋಶಿಯಲ್ ಡೆಮೊಕ್ರಾಟ್ಸ್‌ಗೆ 11, ಇನ್ನು ಚೂರುಪಾರು. ಎಲ್ಲ ಸೇರಿದರೂ ಬಹುಮತ ಇಲ್ಲ. ಬಲಕ್ಕೆ ವಾಲಿದ ಹಳೆಯ ಪಕ್ಷಗಳಾದ ಫಿಯಾನ ಫಾಲ್, ಫಿನ ಗೇಲ್ ಮತ್ತೆ ಸರ್ಕಾರ ಮಾಡಿದವು. ಆದರೆ 2025ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಚುನಾವಣೆಗೆ ಎಡಪಕ್ಷಗಳು ಒಬ್ಬರ ಹಿಂದೆ ನಿಂತವು. ಗಾಲ್ವೆಯ ಕ್ಯಾಥರಿನ್ ಕೊನೊಲಿ 63% ಮತ ಪಡೆದು ರಾಷ್ಟ್ರಪತಿಯಾದರು. ಆ ಹುದ್ದೆಗೆ ಅಧಿಕಾರ ಕಡಿಮೆ. ಆದರೂ ಒಂದಾದರೆ ಗೆಲ್ಲಬಹುದು ಅಂತ ಗೊತ್ತಾಯಿತು. ಶಿನ್ ಫೇನ್ ನಿಜವಾಗಿ ಎಡಪಕ್ಷವೇ, ಲೇಬರ್ ಮತ್ತೆ ಬಲದವರ ಜೊತೆ ಹೋಗುವುದಿಲ್ಲವೇ ಅಂತ ನಿನ್ನ ಜೊತೆಯವರು ತಲೆ ಚಚ್ಚಿಕೊಳ್ಳುವುದು ಇದಕ್ಕೇ.

ಒಂದು ಎಚ್ಚರ. 2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು. ಟಾಲಾದಲ್ಲಿ ಒಬ್ಬರನ್ನು ರಕ್ತ ಬರುವಂತೆ ಹೊಡೆದರು. ಮನೆ ಸಿಗದಿರುವುದಕ್ಕೆ ವಲಸೆ ಬಂದವರೇ ಕಾರಣ ಅಂತ ಹೇಳಿಕೊಂಡು ತಿರುಗುವವರು ಜಾಸ್ತಿ ಆಗಿದ್ದಾರೆ. ರಾತ್ರಿ ಒಬ್ಬನೇ ಓಡಾಡುವಾಗ ಹುಷಾರಾಗಿರು, ಅದು ಬೇರೆ ಮಾತು. ಆದರೆ ಅಂಥ ಸುಳ್ಳಿಗೆ ಉತ್ತರ ಕೊಡುತ್ತಿರುವವರಲ್ಲಿ ನಿನ್ನ ಟೇಬಲ್‌ನವರೂ ಇದ್ದಾರೆ. ಅವರನ್ನು ಒಂಟಿ ಬಿಡಬೇಡ.

ಮುಂದಿನ ಕೌನ್ಸಿಲ್ ಚುನಾವಣೆ 2029ಕ್ಕೆ. ದೂರ ಇದೆ ಅಂತ ಮುಂದೂಡಬೇಡ, ಮತದಾರರ ಪಟ್ಟಿಗೆ ಈ ವಾರವೇ ಹೆಸರು ಸೇರಿಸು. ಆನ್‌ಲೈನ್‌ನಲ್ಲೇ ಆಗುತ್ತದೆ. ನಮ್ಮ ಆಧಾರ್ ಥರದ ಪಿಪಿಎಸ್ ನಂಬರ್, ಹುಟ್ಟಿದ ದಿನ, ಪಿನ್‌ಕೋಡ್ ಥರದ ಮನೆಯ ಏರ್‌ಕೋಡ್ ಇದ್ದರೆ ಸಾಕು. ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಎಲ್ ಅಂತ ಇರುತ್ತದೆ, ಸ್ಥಳೀಯ ಮತದಾರ ಅಂತ. ಕೌನ್ಸಿಲರ್‌ಗಳು ನಿನ್ನ ಬೀದಿಗೆ ಬಂದು ಬಾಗಿಲು ತಟ್ಟುತ್ತಾರೆ. ಕೌನ್ಸಿಲ್ ಮನೆಗಳು ಎಷ್ಟು ಕಟ್ಟಿದಿರಿ ಅಂತ ಮುಖಕ್ಕೇ ಕೇಳು. ಹೆಂಡತಿ ಮುಂದಿನ ತಿಂಗಳು ಬರುತ್ತಾಳೆ ಅಂದೆಯಲ್ಲ, ಅವಳ ಪಿಪಿಎಸ್ ಬಂದ ತಕ್ಷಣ ಅವಳ ಹೆಸರನ್ನೂ ಸೇರಿಸು. ಜೊತೆಗೆ ಹತ್ತಿರದ ಜಿಪಿ, ಅಂದರೆ ಕುಟುಂಬ ವೈದ್ಯರ ಹತ್ತಿರ ಅವಳದ್ದೂ ರಿಜಿಸ್ಟರ್ ಮಾಡಿಸಿಡು. ಹೊಸಬರನ್ನು ತೆಗೆದುಕೊಳ್ಳುವ ಜಿಪಿ ಸಿಗುವುದೇ ಕಷ್ಟ, ಈಗಿನಿಂದಲೇ ಫೋನ್ ಹಚ್ಚಲು ಶುರು ಮಾಡು.