ಕೆಲಸದ ಆ್ಯಪ್‌ಗಳ ಒತ್ತಡದಿಂದ ಕೆಲಸದ ಮೇಲಿನ ಆಸಕ್ತಿ ನಿಜಕ್ಕೂ ಕಡಿಮೆಯಾಗುತ್ತಾ?

ಖಂಡಿತ ಆಗುತ್ತದೆ. ತಂತ್ರಜ್ಞಾನದಿಂದ ಬರುವ ಈ ಒತ್ತಡಕ್ಕೆ ಟೆಕ್ನೋಸ್ಟ್ರೆಸ್ ಅಂತ ಹೆಸರಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರೇಗ್ ಬ್ರಾಡ್ 1984ರಲ್ಲೇ ಇದರ ಬಗ್ಗೆ ಬರೆದಿದ್ದರು. ಐಟಿಯವರಿಗೆ ಮಾತ್ರ ಬರುವ ತೊಂದರೆ ಅಂದುಕೊಳ್ಳಬೇಡಿ.

ನಮ್ಮ ಅಂಗನವಾಡಿಯನ್ನೇ ನೋಡಿ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಹಾಜರಿ, ಮಗುವಿನ ತೂಕ, ಎತ್ತರ ಎಲ್ಲ ಅದರಲ್ಲೇ ತುಂಬಬೇಕು. ಆಮೇಲೆ ಮನೆಗೆ ಕೊಡುವ ರೇಷನ್‌ಗೆ ಮುಖ ಗುರುತಿಸುವ ಹಂತವೂ ಸೇರಿತು. ಬಾಣಂತಿ ಕೂಸು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಫೋಟೊ ಹೊಂದುವುದಿಲ್ಲ. ಒಟಿಪಿ ಗಂಡನ ಫೋನಿಗೆ ಹೋಗಿದೆ, ಅವನು ಹೊಲದಲ್ಲಿ. ಒಳಗೆ ಮಕ್ಕಳು ಹಾಡು ಹೇಳಿಕೊಡಿ ಟೀಚರ್ ಅಂತ ಕಾಯುತ್ತಿರುತ್ತಾರೆ. ಟೀಚರಿಗೆ ಖುಷಿ ಕೊಡುವುದು ಆ ಹಾಡು, ಅಲ್ವಾ? ದಿನವೆಲ್ಲ ಹೋಗುವುದು ಪರದೆಗೆ. ಕೆಲಸದ ಮೇಲಿನ ಪ್ರೀತಿ ಸವೆಯುವುದು ಇಲ್ಲೇ.

ಮಾಡಿದ ಕೆಲಸ ಲೆಕ್ಕಕ್ಕೇ ಬರದಿದ್ದರೆ ನೋವು ಇನ್ನೂ ಜಾಸ್ತಿ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಇದೂ ಒಂದು ದೂರಾಗಿತ್ತು: ಕೆಲಸ ದಾಖಲಿಸುವ ಆನ್‌ಲೈನ್ ಪೋರ್ಟಲ್‌ನ ತೊಂದರೆಯಿಂದ ಪ್ರೋತ್ಸಾಹಧನ ಕೈತಪ್ಪುತ್ತಿದೆ.

ರಾತ್ರಿ ನೆಟ್‌ವರ್ಕ್ ಸಿಕ್ಕಾಗ ಎಂಟ್ರಿಗೆ ಕೂತರೆ ನಿದ್ದೆ ಹೋಗುತ್ತದೆ. ಕಣ್ಣುರಿ, ಕತ್ತು ನೋವು, ಮನೆಯವರ ಮೇಲೆ ಸಿಡಿಮಿಡಿ.

ಸುಮ್ನೆ ಧ್ಯಾನ ಮಾಡಿ ಅಂದರೆ ಸಾಲದು. ಒಂದೇ ಮಾಹಿತಿಯನ್ನು ಪುಸ್ತಕದಲ್ಲೂ ಆ್ಯಪ್‌ನಲ್ಲೂ ಎರಡೆರಡು ಸಲ ಬರೆಸುವುದನ್ನು ಮೊದಲು ನಿಲ್ಲಿಸಬೇಕು. ಆ್ಯಪ್ ಕೈಕೊಟ್ಟ ದಿನ ಕೈಬರಹದ ಲೆಕ್ಕವನ್ನೇ ಒಪ್ಪಬೇಕು. ಬೈಯದೆ ಹೇಳಿಕೊಡುವವರು ಒಬ್ಬರು ಹತ್ತಿರದಲ್ಲೇ ಸಿಗಬೇಕು.