ಸೋತವರ ಕೈಗೆ ಕಪ್ ಬಂದದ್ದು ಹೇಗೆ?

ಓದುಗರ ಪತ್ರ: ಮಾನ್ಯ ಸಂಪಾದಕರೇ, ಕ್ರೀಡಾ ಪುಟದಲ್ಲಿ ಲಂಡನ್ನಿನ ಫುಟ್‌ಬಾಲ್ ತಂಡ ಆರ್ಸೆನಲ್ ‘ಎಮಿರೇಟ್ಸ್ ಕಪ್’ ಹಿಡಿದಿರುವ ಚಿತ್ರವನ್ನು ಅರ್ಧ ಪುಟಕ್ಕೆ ಹಾಕಿದ್ದೀರಿ. ವಿಮಾನ ಕಂಪನಿಯ ಜಾಹೀರಾತಿಗೆ ಇಷ್ಟು ಜಾಗವೇ? ಇದೇ ತಂಡ 2017ರಲ್ಲಿ ಕೊನೆಯ ಪಂದ್ಯ ಸೋತರೂ ಈ ಕಪ್ ಪಡೆಯಿತೆಂದು ನನ್ನ ಮಗ ಹೇಳುತ್ತಾನೆ. ಸೋತವರಿಗೆ ಕಪ್ ಕೊಡುವುದು ಯಾವ ಸೀಮೆಯ ಪಂದ್ಯಾವಳಿ? ಎಫ್‌ಎ ಕಪ್‌ಗೂ ಎಮಿರೇಟ್ಸ್ ಹೆಸರೇ ಇದೆಯಲ್ಲ, ಎರಡೂ ಒಂದೆಯೇ? ಮಗ ಈಗ ಲಂಡನ್ನಿನಲ್ಲಿ ಓದುತ್ತಿದ್ದಾನೆ. ಮುಂದಿನ ಸಲ ಈ ಪಂದ್ಯಕ್ಕೆ ಟಿಕೆಟ್ ಕೊಳ್ಳುತ್ತಾನಂತೆ. ದುಡ್ಡು ದಂಡವಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಮಗ ಹೇಳಿದ್ದು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಲ್ಲೇನೋ ಮೋಸ ನಡೆಯಿತು ಎಂಬಂತೆ ಕೇಳಿಸುತ್ತದೆ. ಎಮಿರೇಟ್ಸ್ ಕಪ್ ಎಂದರೆ ಸೀಸನ್‌ಗೆ ಮುನ್ನ ಆರ್ಸೆನಲ್ ತನ್ನ ಅಂಗಣದಲ್ಲೇ ನಡೆಸುವ ಸೌಹಾರ್ದ ಪಂದ್ಯಾವಳಿ. ಮೊದಲು ಆ ಲೆಕ್ಕ ಬಿಡಿಸೋಣ.

2017ರ ಜುಲೈ 29 ಮತ್ತು 30ರಂದು ಆರ್ಸೆನಲ್‌ನ ಅಂಗಣಕ್ಕೆ ಮೂರು ತಂಡಗಳು ಅತಿಥಿಗಳಾಗಿ ಬಂದಿದ್ದವು: ಸ್ಪೇನಿನ ಸೆವಿಯಾ, ಪೋರ್ಚುಗಲ್‌ನ ಬೆನ್ಫಿಕಾ, ಜರ್ಮನಿಯ ಲೀಪ್‌ಜಿಗ್. ಒಂದೊಂದು ತಂಡಕ್ಕೂ ಎರಡೆರಡೇ ಪಂದ್ಯ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು; ಇದು ಎಲ್ಲ ಕಡೆ ಇರುವುದೇ. ಇಲ್ಲಿ ಅದರ ಮೇಲೆ, ಹೊಡೆದ ಪ್ರತಿ ಗೋಲಿಗೂ ಒಂದು ಅಂಕ. ಸೆವಿಯಾ ಲೀಪ್‌ಜಿಗ್ ತಂಡವನ್ನು 1–0ಯಿಂದಲೂ ಆರ್ಸೆನಲ್ ತಂಡವನ್ನು 2–1ರಿಂದಲೂ ಸೋಲಿಸಿತು. ಎರಡು ಗೆಲುವಿಗೆ ಆರು, ಮೂರು ಗೋಲಿಗೆ ಮೂರು, ಒಟ್ಟು ಒಂಬತ್ತು. ಆರ್ಸೆನಲ್ ಮೊದಲ ದಿನ ಬೆನ್ಫಿಕಾ ವಿರುದ್ಧ 5–2ರಿಂದ ಗೆದ್ದಿತ್ತು. ಆ ಗೆಲುವಿಗೆ ಮೂರು, ಎರಡು ದಿನದ ಆರು ಗೋಲಿಗೆ ಆರು, ಇದೂ ಒಂಬತ್ತೇ. ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರವೂ ಇಬ್ಬರದೂ ಎರಡೇ. ಇನ್ನು ಯಾರು ಹೆಚ್ಚು ಗೋಲು ಹೊಡೆದರು ಎಂದು ನೋಡಿದರೆ ಆರ್ಸೆನಲ್ ಮುಂದಿತ್ತು. ಎರಡಕ್ಕೆ ಎರಡೂ ಪಂದ್ಯ ಗೆದ್ದ ಸೆವಿಯಾ ಬರಿಗೈಯಲ್ಲಿ ವಿಮಾನ ಹತ್ತಿತು. ಯಾವ ಕಂಪನಿಯ ವಿಮಾನ ಎಂದು ಮಾತ್ರ ಕೇಳಬೇಡಿ.

ಲೀಗ್‌ನಲ್ಲಿ ಇಂಥ ನಿಯಮ ತಂದರೆ ಬೀದಿ ಜಗಳವೇ ಆದೀತು. ಇಲ್ಲಿ ಅದನ್ನು ಇಟ್ಟದ್ದಕ್ಕೆ ಕಾರಣವಿದೆ. ಸೀಸನ್ ಶುರುವಾಗುವ ಮುನ್ನ ಯಾವ ತರಬೇತುದಾರನೂ ತನ್ನ ಆಟಗಾರರ ಕಾಲು ಮುರಿಸಿಕೊಳ್ಳಲು ಸಿದ್ಧನಿರುವುದಿಲ್ಲ. ಬಿಟ್ಟರೆ ಎರಡೂ ಕಡೆಯವರು ಚೆಂಡನ್ನು ಅತ್ತಿತ್ತ ತಳ್ಳುತ್ತ ಸೊನ್ನೆಗೆ ಸೊನ್ನೆ ಮುಗಿಸಿಬಿಡುತ್ತಾರೆ. ಟಿಕೆಟ್ ಕೊಟ್ಟು ಬಂದವರು ತೂಕಡಿಸಬಾರದಲ್ಲ! ಸೋಲುತ್ತಿರುವ ತಂಡಕ್ಕೂ ಇನ್ನೊಂದು ಗೋಲಿನ ಆಸೆ ಉಳಿಯಲಿ ಎಂಬುದೇ ಅದರ ಉದ್ದೇಶ. ಚಾಂಪಿಯನ್ನರನ್ನು ಆರಿಸಲು ಅದು ಕೆಟ್ಟ ನಿಯಮ, ಮಧ್ಯಾಹ್ನ ಕಳೆಯಲು ಒಳ್ಳೆಯ ನಿಯಮ. ಅಂದಹಾಗೆ ಸೆವಿಯಾ ಸರಿಯಾಗಿ ಐದು ವರ್ಷದ ಮೇಲೆ, 2022ರ ಜುಲೈ 30ರಂದು, ಇದೇ ಕಪ್‌ಗಾಗಿ ಮತ್ತೆ ಬಂದು 6–0ಯಿಂದ ಸೋತಿತು. ಆಗ ಯಾವ ಗಣಿತವೂ ಬೇಕಾಗಲಿಲ್ಲ.

ಎಫ್‌ಎ ಕಪ್ ಬೇರೆ, ಇದು ಬೇರೆ. ಅದು 1871ರಲ್ಲಿ ಆರಂಭವಾದ, ಇಂಗ್ಲೆಂಡಿನ ನೂರಾರು ತಂಡಗಳು ಆಡುವ ನಾಕೌಟ್ ಪಂದ್ಯಾವಳಿ. 2015ರಿಂದ ಅದಕ್ಕೂ ಎಮಿರೇಟ್ಸ್ ಪ್ರಾಯೋಜಕ. ಆರ್ಸೆನಲ್ 2017ರ ಮೇ ತಿಂಗಳಿನಲ್ಲಿ ವೆಂಬ್ಲಿಯಲ್ಲಿ ಚೆಲ್ಸಿ ತಂಡವನ್ನು ಸೋಲಿಸಿ ಅದನ್ನೂ ಗೆದ್ದಿತ್ತು. ಎರಡು ತಿಂಗಳ ಆಸುಪಾಸಿನಲ್ಲಿ ಎರಡು ಎಮಿರೇಟ್ಸ್ ಕಪ್, ಗೊಂದಲವಾಗುವುದು ಸಹಜವೇ.

ಇನ್ನು ಜಾಹೀರಾತಿನ ಆಕ್ಷೇಪ. ಹೌದು, ಇದು ಜಾಹೀರಾತು. ಅದನ್ನು ಯಾರೂ ಮುಚ್ಚಿಟ್ಟಿಲ್ಲ. 2004ರಲ್ಲಿ ಎಮಿರೇಟ್ಸ್ ಸುಮಾರು 10 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡು, ಆಗಿನ್ನೂ ಕಟ್ಟುತ್ತಿದ್ದ ಕ್ರೀಡಾಂಗಣದ ಹೆಸರನ್ನೂ ಆಟಗಾರರ ಅಂಗಿಯ ಎದೆಯ ಮೇಲಿನ ಜಾಗವನ್ನೂ ಕೊಂಡಿತು. 2006ರಲ್ಲಿ ಕ್ರೀಡಾಂಗಣ ತೆರೆಯಿತು, 2007ರಲ್ಲಿ ಕಪ್ ಶುರುವಾಯಿತು. ಅರವತ್ತು ಸಾವಿರ ಆಸನಗಳ ಹೊಸ ಕಟ್ಟಡ, ಕಟ್ಟಲು ಮಾಡಿದ ಸಾಲ, ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ಗ್ಯಾಲರಿ. ತಾಲೀಮಿಗೇ ಟಿಕೆಟ್ ಇಟ್ಟರೆ ಹೇಗೆ ಎಂದು ಯಾವ ಖಜಾಂಚಿಗಾದರೂ ಹೊಳೆಯುವಂಥದ್ದೇ. ಯುರೋಪಿನ ಚಾಂಪಿಯನ್ಸ್ ಲೀಗ್ ಪಂದ್ಯ ನಡೆಯುವಾಗ ಇದೇ ಅಂಗಣ ‘ಆರ್ಸೆನಲ್ ಸ್ಟೇಡಿಯಂ’ ಆಗುತ್ತದೆ, ಏಕೆಂದರೆ ಆ ಪಂದ್ಯಾವಳಿಗೆ ಬೇರೆಯೇ ಪ್ರಾಯೋಜಕರಿದ್ದಾರೆ. ಹಾಗೆಂದು ನಾವೂ ಹೆಸರು ಬಿಡಬಹುದಿತ್ತೇ? ಎಫ್‌ಎ ಕಪ್‌ನಿಂದ ಕಂಪನಿಯ ಹೆಸರು ತೆಗೆದರೆ ಎಫ್‌ಎ ಕಪ್ ಉಳಿಯುತ್ತದೆ. ಇದರಿಂದ ತೆಗೆದರೆ ಬರಿಯ ಕಪ್ ಉಳಿಯುತ್ತದೆ. ಆಗ ಯಾವ ಕಪ್ ಎಂದು ನೀವೇ ಮತ್ತೊಂದು ಪತ್ರ ಬರೆಯುತ್ತಿದ್ದಿರಿ.

ಕಂಪನಿಯ ಕಪ್ ಎಂದ ಮಾತ್ರಕ್ಕೆ ಮೂಗು ಮುರಿಯುವವರಿಗೆ ನಾನು ವಾಟ್ನಿ ಕಪ್‌ನ ಕಥೆ ಹೇಳುತ್ತೇನೆ. 1970ರಿಂದ 1973ರವರೆಗೆ ಇಂಗ್ಲೆಂಡಿನಲ್ಲಿ ಸೀಸನ್‌ಗೆ ಮುನ್ನ ಬಿಯರ್ ಕಂಪನಿಯೊಂದರ ಹೆಸರಿನಲ್ಲಿ ನಡೆದ ಪಂದ್ಯಾವಳಿ ಅದು. ನಾಲ್ಕು ಡಿವಿಜನ್‌ಗಳಿಂದ, ಹಿಂದಿನ ಸೀಸನ್‌ನಲ್ಲಿ ಹೆಚ್ಚು ಗೋಲು ಹೊಡೆದೂ ಮೇಲಿನ ಡಿವಿಜನ್‌ಗೆ ಬಡ್ತಿಯನ್ನಾಗಲಿ ಯುರೋಪಿನ ಪಂದ್ಯಾವಳಿಗಳಿಗೆ ಪ್ರವೇಶವನ್ನಾಗಲಿ ಪಡೆಯದ ತಂಡಗಳನ್ನು ಎರಡೆರಡರಂತೆ ಕರೆಯುತ್ತಿದ್ದರು. 1970ರ ಆಗಸ್ಟ್ 5ರಂದು ಹಲ್ ಸಿಟಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ನಡುವಿನ ಪಂದ್ಯ 1–1ರಲ್ಲಿ ನಿಂತಿತು. ಪೆನಾಲ್ಟಿ ಶೂಟೌಟ್‌ಗೆ ನಿಯಮಾವಳಿಯ ಒಪ್ಪಿಗೆ ಸಿಕ್ಕಿ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಇಂಗ್ಲೆಂಡಿನ ಮೊದಲ ಶೂಟೌಟ್ ಅಲ್ಲಿ ನಡೆಯಿತು. ಮೊದಲ ಒದೆತ ಮ್ಯಾಂಚೆಸ್ಟರ್‌ನ ಜಾರ್ಜ್ ಬೆಸ್ಟ್‌ದು, ಗೋಲು. ಮೊದಲು ತಪ್ಪಿದವನು ಅದೇ ತಂಡದ ಡೆನಿಸ್ ಲಾ. ಅದನ್ನು ತಡೆದವನು ಹಲ್‌ನ ಗೋಲ್‌ಕೀಪರ್ ಇಯಾನ್ ಮೆಕೆಕ್ನಿ. ಕೊನೆಗೆ ಆ ಗೋಲ್‌ಕೀಪರನೇ ಚೆಂಡು ಒದೆಯಲು ಬಂದು ತಾನೂ ತಪ್ಪಿದ, ಹಲ್ ಸೋತಿತು. ಇಂದು ವಿಶ್ವಕಪ್ ಫೈನಲ್‌ಗಳಲ್ಲಿ ಎದೆ ಬಡಿತ ಹೆಚ್ಚಿಸುವ ಆ ದೃಶ್ಯ ಇಂಗ್ಲೆಂಡಿಗೆ ಬಂದದ್ದು ಬಿಯರ್ ಕಂಪನಿಯ ಕಪ್‌ನ ಮೂಲಕ. ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಹೊಸದನ್ನು ಮಾಡಿ ನೋಡುವ ಧೈರ್ಯ ಬರುತ್ತದೆ.

ಲೆಕ್ಕಕ್ಕಿಲ್ಲ ಎಂಬುದನ್ನು ಮಾತ್ರ ಅಭಿಮಾನಿಗಳು ಮರೆಯಬಾರದು. 2014ರ ಆಗಸ್ಟ್‌ನಲ್ಲಿ ಇದೇ ಕಪ್‌ನಲ್ಲಿ ಬೆನ್ಫಿಕಾ ವಿರುದ್ಧ ಯಾಯಾ ಸನೋಗೊ ಎಂಬ ಫ್ರೆಂಚ್ ಯುವಕ ಒಬ್ಬನೇ ನಾಲ್ಕು ಗೋಲು ಹೊಡೆದ. ಆರ್ಸೆನಲ್‌ಗಾಗಿ ಅಧಿಕೃತ ಪಂದ್ಯಗಳಲ್ಲಿ ಅವನು ಹೊಡೆದ ಗೋಲು ಒಟ್ಟು ಒಂದು, ಅದೇ ವರ್ಷ ಜರ್ಮನಿಯ ಡಾರ್ಟ್‌ಮಂಡ್ ವಿರುದ್ಧ. ಆ ನಾಲ್ಕನ್ನು ನೋಡಿ, ತಂಡದ ಹಿಂದಿನ ಗೋಲು ವೀರ ಥಿಯರಿ ಹೆನ್ರಿಯ ಜಾಗಕ್ಕೆ ಹೊಸ ಹೆನ್ರಿ ಬಂದ ಎಂದು ಕುಣಿದವರು ಚಳಿಗಾಲದ ಹೊತ್ತಿಗೆ ಸುಮ್ಮನಾದರು. ಹಳೆಯ ಹೆನ್ರಿಯೂ ಈ ಕಪ್ ಎತ್ತಿದ್ದಾನೆ, ಆದರೆ ಎದುರಾಳಿಯಾಗಿ: 2011ರಲ್ಲಿ ನ್ಯೂಯಾರ್ಕ್ ರೆಡ್ ಬುಲ್ಸ್ ಜೊತೆ ಬಂದು, ತನ್ನನ್ನು ಬೆಳೆಸಿದ ಕ್ಲಬ್‌ನ ಅಂಗಣದಿಂದಲೇ ಟ್ರೋಫಿ ಒಯ್ದ.

ಇಂಥ ಪಂದ್ಯಾವಳಿ ನಮ್ಮ ದೇಶಕ್ಕೂ ಬಂದಿದೆ. 2018ರ ಜುಲೈನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್, ಮೆಲ್ಬರ್ನ್ ಸಿಟಿ, ಸ್ಪೇನಿನ ಜಿರೋನಾ ಆಡಿದವು. ಪ್ರಾಯೋಜಕರು ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾದವರು. ಮೂರು ಪಂದ್ಯಗಳಲ್ಲಿ 17 ಗೋಲು, ಬ್ಲಾಸ್ಟರ್ಸ್‌ನದು ಒಂದೂ ಇಲ್ಲ. ಆದರೂ ಯುರೋಪಿನ ತಂಡ ಚೆಂಡನ್ನು ಎಷ್ಟು ಬೇಗ ಕಾಲಿನಿಂದ ಕಾಲಿಗೆ ದಾಟಿಸುತ್ತದೆ ಎಂಬುದನ್ನು ಗ್ಯಾಲರಿಯಲ್ಲಿ ಕುಳಿತವರು ಕಣ್ಣಾರೆ ನೋಡಿದರು. ಟಿವಿಯಲ್ಲಿ ಆ ವೇಗ ತಿಳಿಯುವುದಿಲ್ಲ.

ಆದ್ದರಿಂದ ನಿಮ್ಮ ಮಗ ಟಿಕೆಟ್ ಕೊಳ್ಳಲಿ ಬಿಡಿ. ಎರಡು ದಿನ ನಾಲ್ಕು ತಂಡಗಳು ಆಡುತ್ತಿದ್ದ, ಒಂದೇ ಟಿಕೆಟ್‌ಗೆ ಎರಡು ಪಂದ್ಯ ಸಿಗುತ್ತಿದ್ದ ಕಾಲ ಹೋಯಿತು. 2019ರಿಂದ ಪುರುಷರದು ಒಂದೇ ಪಂದ್ಯ, ಒಬ್ಬನೇ ಅತಿಥಿ. ಪಂದ್ಯಾವಳಿ ಎನ್ನಲು ನನಗೂ ನಾಲಿಗೆ ತಡವರಿಸುತ್ತದೆ. ಆದರೆ ಲೀಗ್ ಪಂದ್ಯದ ಟಿಕೆಟ್ ವಿದ್ಯಾರ್ಥಿಯೊಬ್ಬನ ಕೈಗೆ ಸಿಗುವುದು ಅಷ್ಟು ಸುಲಭವಲ್ಲ. ಇದಕ್ಕೆ ಪೈಪೋಟಿ ಸಾಮಾನ್ಯವಾಗಿ ಕಡಿಮೆ. ಬೇಗ ಹೋಗಿ ಆಟಗಾರರ ಅಭ್ಯಾಸ ನೋಡಲಿ. ಒಂದು ಗಂಟೆಯ ಆಟ ಮುಗಿದ ಮೇಲೆ ದೊಡ್ಡ ಹೆಸರಿನವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ, ಅಕಾಡೆಮಿಯ ಹುಡುಗರು ಒಳಗೆ ಹೋಗುತ್ತಾರೆ. ಸೌಹಾರ್ದ ಪಂದ್ಯದಲ್ಲಿ ಎಷ್ಟು ಬದಲಿ ಆಟಗಾರರು ಎಂಬುದನ್ನು ತಂಡಗಳೇ ಮೊದಲು ಮಾತಾಡಿಕೊಳ್ಳಬಹುದು. ಆಗ ಎದ್ದು ಬರಬಾರದು. ಆ ಹುಡುಗರಿಗೆ ಅದು ದೊಡ್ಡ ಪರೀಕ್ಷೆ, ಅವರು ಹಲ್ಲು ಕಚ್ಚಿ ಆಡುತ್ತಾರೆ. ಕಪ್ ಕೊಡುವ ಹೊತ್ತಿಗೆ ಬೇಕಾದರೆ ಎದ್ದು ಹೊರಡಲಿ; ಪಕ್ಕದ ಸುರಂಗ ರೈಲು ನಿಲ್ದಾಣದಲ್ಲಿ ನೂಕುನುಗ್ಗಲು ಸ್ವಲ್ಪ ಕಡಿಮೆ ಇರುತ್ತದೆ.

– ಸಂಪಾದಕ